ಮಣ್ಣಿನಡಿಯ ರೋಮ್ ಮತ್ತು ಜೊವಾನ್ನಿ ಬಾತ್ತಿಸ್ತಾ ದೆ ರೊಸ್ಸಿ

ನವೆಂಬರ್ 2ರಂದು ನಾವು ನಮ್ಮ ಇಗರ್ಜಿಗಳ ಸಮಾಧಿ ಸ್ಥಳಕ್ಕೆ ಹೋಗಿ ಮೊಂಬತ್ತಿ ಹಚ್ಚುತ್ತೇವೆ, ಹೂವಿಡುತ್ತೇವೆ. ಹಳೆಯ ಕಲ್ಲಿನ ಮೇಲೆ ಅಕ್ಷರ ಮಾಸಿದ್ದರೆ ಅದು ಯಾರದು ಎಂದು ಹಿರಿಯರನ್ನು ಕೇಳುತ್ತೇವೆ. ಆ ಹಿರಿಯರೂ ತೀರಿಕೊಂಡ ಮೇಲೆ ಹೇಳುವವರು ಯಾರೂ ಇರುವುದಿಲ್ಲ. ರೋಮ್ ನಗರದಲ್ಲೂ ಹೀಗೆಯೇ ಆಗಿತ್ತು. ಮೂರನೆಯ ಶತಮಾನದ ಪೋಪರನ್ನು ಹೂಳಿದ್ದ ಜಾಗ ಸುಮಾರು ಸಾವಿರ ವರ್ಷಗಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮತ್ತೆ ತೋರಿಸಿಕೊಟ್ಟವರು ಧರ್ಮಗುರುವಲ್ಲ, ಒಬ್ಬ ಶ್ರೀಸಾಮಾನ್ಯ ವಿಶ್ವಾಸಿ. ಅವರ ಹೆಸರು ಜೊವಾನ್ನಿ ಬಾತ್ತಿಸ್ತಾ ದೆ ರೊಸ್ಸಿ.

ಇದೇ ಹೆಸರಿನ ಸಂತರೊಬ್ಬರಿದ್ದಾರೆ. ರೋಮ್‌ನ ಬಡವರ ಸೇವೆ ಮಾಡಿ 1764ರಲ್ಲಿ ತೀರಿಕೊಂಡ ಆ ಗುರುಗಳಿಗೆ 1881ರಲ್ಲಿ ಸಂತ ಪದವಿ ದೊರೆಯಿತು. ನಾವು ಹೇಳಹೊರಟವರು ಬೇರೆ.

ನಮ್ಮ ದೆ ರೊಸ್ಸಿ 1822ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ತಂದೆಯಿಂದ ಹುಟ್ಟುಹಬ್ಬದ ಕೊಡುಗೆಯಾಗಿ ಸಿಕ್ಕಿದ್ದು ಆಟಿಕೆಯಲ್ಲ, ಅಂತೋನಿಯೊ ಬೋಸಿಯೊ ಬರೆದ ರೋಮಾ ಸೊತ್ತೆರ್ರಾನೆಯಾ ಎಂಬ ದಪ್ಪ ಗ್ರಂಥ. ಬೋಸಿಯೊ 1593ರಲ್ಲಿ ಮೊದಲ ಬಾರಿಗೆ ದೊಮಿತಿಲ್ಲಾ ಸುರಂಗಕ್ಕೆ ಇಳಿದು, ದಾರಿ ತಪ್ಪಿ, ದೀಪ ಮುಗಿಯುತ್ತಾ ಬಂದು, ಅಲ್ಲೇ ಸಾಯುವೆನೆಂದು ಹೆದರಿದ್ದವರು. ಆದರೂ ಜೀವನವೆಲ್ಲಾ ಆ ಕತ್ತಲೆಯಲ್ಲೇ ಸುತ್ತಾಡಿ ಕಂಡದ್ದನ್ನೆಲ್ಲ ಬರೆದಿಟ್ಟರು. ಪುಸ್ತಕ ಅಚ್ಚಾಗುವ ಮೊದಲೇ ತೀರಿಕೊಂಡರು. ಇಂತಹ ಪುಸ್ತಕವನ್ನು ಬಯಸಿ ಪಡೆದ ಹುಡುಗ ಮುಂದೆ ತಂದೆಯ ಇಚ್ಛೆಯಂತೆ ಕಾನೂನು ಕಲಿತರೂ, ಮನಸ್ಸು ಮಾತ್ರ ಹಳೆಯ ಶಿಲಾಶಾಸನಗಳ ಮೇಲೆಯೇ ಇತ್ತು. ವ್ಯಾಟಿಕನ್ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿತು. ಜೆಸುಯಿಟ್ ಗುರು ವಂ. ಜುಸೆಪ್ಪೆ ಮಾರ್ಕಿಯವರು ಈ ಯುವಕನನ್ನು ತಮ್ಮೊಂದಿಗೆ ಸುರಂಗಗಳಿಗೆ ಕರೆದೊಯ್ಯುತ್ತಿದ್ದರು.

ಈ ಸುರಂಗಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಇಂದಿಗೂ ಕ್ಯಾಟಕೊಂಬ್ ಎಂದರೆ ಹಿಂಸೆಗೆ ಹೆದರಿ ಕ್ರೈಸ್ತರು ಅಡಗಿ ವಾಸಿಸಿದ ಗುಹೆಗಳು ಎಂದು ಹೇಳುವುದುಂಟು. ಅದು ಸರಿಯಲ್ಲ. ಅವು ಸಮಾಧಿ ಸ್ಥಳಗಳು. ಸತ್ತವರನ್ನು ನಗರದ ಗಡಿಯೊಳಗೆ ಹೂಳಬಾರದೆಂದು ರೋಮನ್ನರ ಕಾನೂನಿತ್ತು. ಆದ್ದರಿಂದ ಆಪ್ಪಿಯಾ, ಸಲಾರಿಯಾ ಮುಂತಾದ ಹೆದ್ದಾರಿಗಳ ಬದಿಯಲ್ಲಿ, ತೋಟಗಳ ಕೆಳಗೆ ನೆಲ ಕೊರೆದರು. ಅಲ್ಲಿಯ ಕಲ್ಲು ತುಫಾ; ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಕಡಿಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಗೋಡೆಯಲ್ಲಿ ಕಪಾಟಿನಂತೆ ಒಂದರ ಮೇಲೊಂದು ಗೂಡು ಕೊರೆದು, ಬಟ್ಟೆ ಸುತ್ತಿದ ಶರೀರವನ್ನಿಟ್ಟು, ಇಟ್ಟಿಗೆ ಅಥವಾ ಅಮೃತಶಿಲೆಯಿಂದ ಮುಚ್ಚುತ್ತಿದ್ದರು. ಅಗೆಯುವವರದ್ದೇ ಒಂದು ವರ್ಗವಿತ್ತು, ಅವರನ್ನು ಫೊಸ್ಸೋರೆಸ್ ಎನ್ನುತ್ತಿದ್ದರು. ಹೆಸರು ಬರೆಸಲು ಹಣವಿಲ್ಲದ ಬಡವರು ಹಸಿ ಗಾರೆಯಲ್ಲಿ ಒಂದು ನಾಣ್ಯ, ಗಾಜಿನ ಚೂರು, ಮಣ್ಣಿನ ಹಣತೆ ಒತ್ತಿಡುತ್ತಿದ್ದರು. ಮಾರನೆಯ ಸಲ ಬಂದಾಗ ತಮ್ಮವರ ಗೂಡು ಗುರುತು ಸಿಗಬೇಕಲ್ಲ! ಗೋಡೆಯ ಚಿತ್ರಗಳಲ್ಲಿ ಕುರಿಯನ್ನು ಹೆಗಲ ಮೇಲೆ ಹೊತ್ತ ಒಳ್ಳೆಯ ಕುರುಬ, ಮೀನಿನ ಬಾಯಿಂದ ಹೊರಬಂದ ಯೋನ, ಕೈಯೆತ್ತಿ ಪ್ರಾರ್ಥಿಸುವ ಸ್ತ್ರೀ, ಮೀನಿನ ಪಕ್ಕದಲ್ಲಿ ರೊಟ್ಟಿಯ ಬುಟ್ಟಿ. ಸಾವಿನ ಜಾಗದಲ್ಲಿ ಇಷ್ಟೊಂದು ಸಮಾಧಾನದ ಚಿತ್ರಗಳು.

ಐದನೆಯ ಶತಮಾನದ ಹೊತ್ತಿಗೆ ಅಲ್ಲಿ ಹೂಳುವುದು ನಿಂತಿತು. ಮುತ್ತಿಗೆ ಹಾಕಿದ ಸೈನ್ಯಗಳು ಸಮಾಧಿಗಳನ್ನು ಕೆದಕಿದವು. ಎಂಟು, ಒಂಬತ್ತನೆಯ ಶತಮಾನಗಳಲ್ಲಿ ಪೋಪರು ರಕ್ತಸಾಕ್ಷಿಗಳ ಅಸ್ಥಿಗಳನ್ನು ನಗರದ ಇಗರ್ಜಿಗಳಿಗೆ ಸಾಗಿಸಿದರು. ಬಾಗಿಲುಗಳು ಮುಚ್ಚಿಹೋದವು. ಮೇಲೆ ದ್ರಾಕ್ಷಿ ಬೆಳೆಯಿತು.

ದೆ ರೊಸ್ಸಿಯವರ ಹೊಸತನ ಇರುವುದು ಇಲ್ಲಿಯೇ. ಹಿಂದಿನವರು ಗುಡ್ಡ ಸಿಕ್ಕಿದಲ್ಲಿ ಅಗೆದರು, ಮೂಳೆ, ಶಾಸನ ಕಿತ್ತು ಸಾಗಿಸಿದರು. ಇವರು ಮೊದಲು ಪುಸ್ತಕ ಅಗೆದರು. ಏಳನೆಯ ಶತಮಾನದ ಯಾತ್ರಿಕರು ಯಾವ ರಸ್ತೆಯ ಯಾವ ಬದಿಯಲ್ಲಿ ಯಾವ ಸಂತನ ಸಮಾಧಿ ಎಂದು ಬರೆದಿಟ್ಟ ಕೈಪಿಡಿಗಳಿದ್ದವು. ಅವನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದಾಗ, ಎಲ್ಲರೂ ಸಂತ ಕಲ್ಲಿಸ್ತುಸರ ಸಮಾಧಿ ಸ್ಥಳ ಎಂದು ನಂಬಿದ್ದ ಸಂತ ಸೆಬಾಸ್ಟಿಯನ್ ಬಸಿಲಿಕದ ಕೆಳಗಿನ ಜಾಗ ಅದಲ್ಲ, ನಿಜವಾದದ್ದು ನಗರಕ್ಕೆ ಇನ್ನೂ ಹತ್ತಿರದಲ್ಲಿದೆ ಎಂದು ಅವರಿಗೆ ಅನಿಸಿತು. ಹಿರಿಯ ವಿದ್ವಾಂಸರ ಮಾತಿಗೆ ವಿರುದ್ಧವಾಗಿ ನಿಂತಾಗ ವಯಸ್ಸು ಮೂವತ್ತೂ ಆಗಿರಲಿಲ್ಲ.

1849ರಲ್ಲಿ ಆಪ್ಪಿಯಾ ರಸ್ತೆಯ ಬದಿಯ ದ್ರಾಕ್ಷಿ ತೋಟವೊಂದರಲ್ಲಿ ಅವರಿಗೆ ಒಡೆದ ಅಮೃತಶಿಲೆಯ ತುಂಡೊಂದು ಕಂಡಿತು. ಅದರ ಮೇಲಿದ್ದದ್ದು ನೇಲಿಯುಸ್ ಮಾರ್ತಿರ್ ಎಂಬ ಅಕ್ಷರಗಳು ಮಾತ್ರ. ಹೆಸರಿನ ತಲೆ ಇರಲಿಲ್ಲ. ಆದರೆ 253ರಲ್ಲಿ ಗಡೀಪಾರಾಗಿದ್ದ ಊರಿನಲ್ಲೇ ಪ್ರಾಣ ಬಿಟ್ಟ ಪೋಪ್ ಸಂತ ಕೊರ್ನೇಲಿಯುಸರ ಸಮಾಧಿ ಕಲ್ಲಿಸ್ತುಸರ ಸಮಾಧಿ ಸ್ಥಳದ ಹತ್ತಿರವೆಂದು ಕೈಪಿಡಿಗಳು ಹೇಳಿದ್ದವು. ಹಾಗಿದ್ದರೆ ಪೋಪರ ಸಮಾಧಿಗಳು ಈ ತೋಟದ ಕೆಳಗೇ ಇರಬೇಕು! ಒಂದು ಅರೆ ಹೆಸರನ್ನು ನಂಬಿ ಇಡೀ ತೋಟವನ್ನು ಖರೀದಿಸುವಂತೆ ಒಂಬತ್ತನೆಯ ಪಿಯೂಸರನ್ನು ಕೇಳುವುದು ಸಣ್ಣ ಧೈರ್ಯವಲ್ಲ. ಏನೂ ಸಿಗದಿದ್ದರೆ ಹಣವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಪೋಪರು ಒಪ್ಪಿದರು. 1852ರಲ್ಲಿ ಪವಿತ್ರ ಪುರಾತತ್ವ ಆಯೋಗವನ್ನೂ ಸ್ಥಾಪಿಸಿದರು.

ಅದೇ ವರ್ಷ ಕೊರ್ನೇಲಿಯುಸರ ಸಮಾಧಿ ಸಿಕ್ಕಿತು, ಕಲ್ಲಿನ ಉಳಿದ ತುಂಡಿನ ಜೊತೆ. ಎರಡು ತುಂಡುಗಳೂ ಸರಿಯಾಗಿ ಕೂಡಿಕೊಂಡವು. ಪಕ್ಕದ ಗೋಡೆಯಲ್ಲಿ ಕೊರ್ನೇಲಿಯುಸರೊಂದಿಗೆ ಅವರ ಸ್ನೇಹಿತ, ಕಾರ್ಥೇಜಿನ ಬಿಷಪ್ ಸಂತ ಸಿಪ್ರಿಯಾನರ ಚಿತ್ರವಿತ್ತು. ಇಬ್ಬರ ಹಬ್ಬವನ್ನೂ ನಾವು ಸೆಪ್ಟೆಂಬರ್ 16ರಂದು ಒಟ್ಟಿಗೆ ಆಚರಿಸುತ್ತೇವೆ.

1854ರಲ್ಲಿ ಪೋಪರ ಸಮಾಧಿ ಕೋಣೆಯೇ ತೆರೆಯಿತು. ಮಣ್ಣು, ಕಲ್ಲಿನ ರಾಶಿ ತೆಗೆದಂತೆ ಗ್ರೀಕ್ ಅಕ್ಷರದ ಹೆಸರುಗಳು ಒಂದೊಂದಾಗಿ ಹೊರಬಂದವು: ಅಂತೆರುಸ್, ಫಾಬಿಯಾನ್, ಲೂಸಿಯುಸ್, ಯೂತಿಕಿಯಾನ್. ನಾಲ್ಕನೆಯ ಶತಮಾನದಲ್ಲಿ ಪೋಪ್ ಸಂತ ದಾಮಸುಸ್ ಅಲ್ಲಿ ಹಾಕಿಸಿದ್ದ ಪದ್ಯಶಾಸನ ನೂರಕ್ಕೂ ಹೆಚ್ಚು ಚೂರುಗಳಾಗಿ ಬಿದ್ದಿತ್ತು. ದೆ ರೊಸ್ಸಿ ಕೂತು ಒಂದೊಂದನ್ನೇ ಜೋಡಿಸಿದರು. ತಾನೂ ಇಲ್ಲೇ ಮಣ್ಣಾಗಬೇಕೆಂಬ ಆಸೆಯಿತ್ತು, ಆದರೆ ಸಂತರ ಬೂದಿಯನ್ನು ಕದಡಲು ಹೆದರಿದೆ ಎಂಬ ಅರ್ಥದ ಮಾತಿನಿಂದ ಆ ಶಾಸನ ಮುಗಿಯುತ್ತದೆ. 1854ರ ಮೇ 11ರಂದು ಒಂಬತ್ತನೆಯ ಪಿಯೂಸರು ಸ್ವತಃ ಮೆಟ್ಟಿಲಿಳಿದು ಬಂದರು. ಹಿಂದೆ ಇದೆಲ್ಲ ಪುರಾತತ್ವಜ್ಞರ ಕನಸು ಎಂದು ತಮಾಷೆ ಮಾಡಿದ್ದವರು, ಇವು ನಿಜವಾಗಿಯೂ ತಮ್ಮ ಪೂರ್ವಾಧಿಕಾರಿಗಳ ಹೆಸರುಗಳೇ ಎಂದು ಕೇಳಿ, ಕಲ್ಲು ಮುಟ್ಟಿ ಕಣ್ಣೀರು ಹಾಕಿದರೆಂದು ಹೇಳಲಾಗುತ್ತದೆ.

ನಮಗೆ ಹೆಚ್ಚು ಹತ್ತಿರವೆನಿಸುವುದು ಆ ಕೋಣೆಯ ದಾರಿಯಲ್ಲಿ ದೆ ರೊಸ್ಸಿ ಓದಿದ ಇನ್ನೊಂದು ಬರಹ. ಯಾವನೋ ಹಳೆಯ ಯಾತ್ರಿಕ ಗಾರೆಯ ಮೇಲೆ ಗೀಚಿದ್ದು. ಬಾಗಿಲ ಬಳಿ ಸೊಫ್ರೋನಿಯಾ ಎಂಬಾಕೆ ತನ್ನವರೊಂದಿಗೆ ಬದುಕಲಿ ಎಂಬ ಹಾರೈಕೆ. ಮುಂದೆ ಹೋದಂತೆ ಅದೇ ಕೈ ಮತ್ತೆ ಆಕೆಯ ಹೆಸರು ಬರೆದಿದೆ. ಒಳಗಿನ ಜಾಗದಲ್ಲಿ ಪ್ರಿಯ ಸೊಫ್ರೋನಿಯಾ ದೇವರಲ್ಲಿ ಸದಾ ಬದುಕುವಳು ಎಂಬ ಭರವಸೆ. ಹೆಂಡತಿಯೋ, ತಂಗಿಯೋ, ಮಗಳೋ! ಹಾರೈಕೆಯಿಂದ ಹೊರಟವನ ಮಾತು ಸಮಾಧಿಗಳ ನಡುವೆ ನಡೆಯುತ್ತಾ ನಂಬಿಕೆಯಾದದ್ದನ್ನು ದೆ ರೊಸ್ಸಿ ಗಮನಿಸಿದರು. ಪೋಪರ ಶಾಸನಕ್ಕೆ ಕೊಟ್ಟಷ್ಟೇ ಶ್ರದ್ಧೆಯನ್ನು ಈ ಗೀಚಿಗೂ ಕೊಟ್ಟರು.

ಅವರ ತಮ್ಮ ಮಿಕೆಲೆ ಸ್ತೆಫಾನೊ ಭೂವಿಜ್ಞಾನಿ. ಸುರಂಗಗಳ ಅಳತೆ, ನಕ್ಷೆಯ ಕೆಲಸ ಅವರದು. ಮುಂದೆ ಭೂಕಂಪದ ತೀವ್ರತೆ ಅಳೆಯುವ ರೊಸ್ಸಿ-ಫೊರೆಲ್ ಮಾಪಕದಲ್ಲಿ ಹೆಸರಿರುವುದು ಇವರದೇ. ಅಣ್ಣ ಬರೆದ ರೋಮಾ ಸೊತ್ತೆರ್ರಾನೆಯಾ ಕ್ರಿಸ್ತಿಯಾನಾ 1864, 1867, 1877ರಲ್ಲಿ ಮೂರು ಸಂಪುಟಗಳಾಗಿ ಬಂತು. 1863ರಿಂದ ಕ್ರೈಸ್ತ ಪುರಾತತ್ವದ ಪತ್ರಿಕೆಯೊಂದನ್ನೂ ನಡೆಸಿದರು. ಲ್ಯಾಟಿನ್ ಶಾಸನಗಳ ಮಹಾಸಂಕಲನಕ್ಕಾಗಿ ಜರ್ಮನಿಯ ಮೊಮ್ಸೆನ್‌ರಂಥ ಪ್ರೊಟೆಸ್ಟಂಟ್ ಮನೆತನದ ವಿದ್ವಾಂಸರೊಂದಿಗೆ ದುಡಿದರು. 1870ರಲ್ಲಿ ರೋಮ್ ಇಟಲಿಯ ಪಾಲಾದಾಗಲೂ ಪೋಪರ ಪಕ್ಷ ಬಿಡಲಿಲ್ಲ, ಸ್ನೇಹಗಳನ್ನೂ ಬಿಡಲಿಲ್ಲ.

ಅವರು ಹೇಳಿದ್ದೆಲ್ಲ ಉಳಿದಿಲ್ಲ ಎಂಬುದನ್ನೂ ನಾವು ಮುಚ್ಚಿಡಬಾರದು. ಹಲವು ಚಿತ್ರಗಳಿಗೆ ಅವರು ಕೊಟ್ಟ ಕಾಲ ತೀರಾ ಹಿಂದಿನದಾಯಿತೆಂದು ನಂತರದವರು ತಿದ್ದಿದರು. ಆದರೆ ತಿದ್ದಲು ಬೇಕಾದ ನಕ್ಷೆ, ನಕಲು, ಅಳತೆಗಳನ್ನು ಒದಗಿಸಿದವರೂ ಅವರೇ.

1893ರಲ್ಲಿ ಪಾರ್ಶ್ವವಾಯು ಬಡಿಯಿತು. 1894ರ ಸೆಪ್ಟೆಂಬರ್ 20ರಂದು ಕಾಸ್ತೆಲ್ ಗಾಂದೊಲ್ಫೊದಲ್ಲಿ ಕಣ್ಣು ಮುಚ್ಚಿದರು. ರೋಮ್ ಯಾತ್ರೆಗೆ ಹೋಗುವ ನಮ್ಮವರು ಕಲ್ಲಿಸ್ತುಸರ ಸಮಾಧಿ ಸ್ಥಳಕ್ಕೆ ಹೋದರೆ 1930ರಿಂದ ಅದನ್ನು ನೋಡಿಕೊಳ್ಳುತ್ತಿರುವ ಸಲೇಸಿಯನ್ನರು ಕೆಳಗೆ ಕರೆದೊಯ್ಯುತ್ತಾರೆ. ಪೋಪರ ಕೋಣೆಯಲ್ಲಿ ಪೊಂತಿಯಾನರ ಹೆಸರಿನ ಕಲ್ಲೂ ಇದೆ. ದೆ ರೊಸ್ಸಿ ಅದನ್ನು ನೋಡಲಿಲ್ಲ. ಅದು ಸಿಕ್ಕಿದ್ದು 1909ರಲ್ಲಿ.