ಇಲಿಗಳಿಂದ ಪಾಠ ಕಲಿತ ಹಾಲ್ಡೇನ್

ಮಕ್ಕಳೇ, 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರೂ ಜ್ವರದಿಂದ ಮಲಗಿದರು. ಉಣುಗು ಕಚ್ಚಿ ಬರುವ ಈ ರೋಗವೇ ಶಿಕಾರಿಪುರ, ಸೊರಬದವರೆಲ್ಲ ಬಲ್ಲ ಮಂಗನ ಕಾಯಿಲೆ. ಯಾವುದೇ ರೋಗ ಎಲ್ಲರನ್ನೂ ಒಂದೇ ರೀತಿ ಕಾಡುವುದಿಲ್ಲ. ಒಬ್ಬರು ಬೇಗ ಗುಣವಾಗುತ್ತಾರೆ, ಮತ್ತೊಬ್ಬರು ನರಳುತ್ತಾರೆ. ಹೀಗೇಕೆ? ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದರ ಬಗ್ಗೆ ಆಳವಾಗಿ ಯೋಚಿಸಿದ ವಿಜ್ಞಾನಿಯೊಬ್ಬರು ಅದೇ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿದರು. ಅವರೇ ಜೆ. ಬಿ. ಎಸ್. ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಉಸಿರಾಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ಅವರ ಪ್ರಯೋಗಗಳಿಗೆ ಹುಡುಗನೇ ಸಹಾಯಕ! ಮುಂದೆ ತಂಗಿ ನವೋಮಿ ಹಾಗೂ ಗೆಳೆಯ ಸ್ಪ್ರಂಟ್ ಜೊತೆ ಇಲಿಗಳನ್ನು ಸಾಕಿ, ಬಣ್ಣಕ್ಕೆ ಸಂಬಂಧಿಸಿದ ಎರಡು ವಂಶವಾಹಿಗಳು ಮರಿಗಳಿಗೆ ಹೆಚ್ಚಾಗಿ ಜೊತೆಯಾಗಿಯೇ ಸಾಗುವುದನ್ನು ಕಂಡರು. ಈ ಲೇಖನ 1915ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಹಾಲ್ಡೇನ್ ಯುದ್ಧಭೂಮಿಯಲ್ಲಿದ್ದರು. ಸ್ಪ್ರಂಟ್ ಅದೇ ಯುದ್ಧದಲ್ಲಿ ಮಡಿದರು.

1930ರ ದಶಕದಲ್ಲಿ ಪೀಟರ್ ಗೋರರ್ ಎಂಬ ವೈದ್ಯರು ಲಂಡನ್ನಿನಲ್ಲಿ ಹಾಲ್ಡೇನರ ಬಳಿ ಕಲಿಯಲು ಬಂದರು. ಒಂದು ಇಲಿಯ ಗಡ್ಡೆಯನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಕೆಲವೊಮ್ಮೆ ಅದು ಬೆಳೆಯುವುದಿಲ್ಲ. ಇದನ್ನು ನಿರ್ಧರಿಸುವ ವಂಶವಾಹಿಗಳ ಜಾಡನ್ನು ಗೋರರ್ ಹಿಡಿದರು. ಅಂಥವೇ ವಂಶವಾಹಿಗಳು ನಮ್ಮ 6ನೇ ವರ್ಣತಂತುವಿನಲ್ಲಿವೆ. ಅವಕ್ಕೆ ಎಚ್‌ಎಲ್‌ಎ ಎಂದು ಹೆಸರು. ದೇಹಕ್ಕೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ಇವು ಬೇಕು. ಇವುಗಳಲ್ಲಿ ಸಾವಿರಾರು ಬಗೆಗಳಿವೆ. ಹತ್ತಿರ ಹತ್ತಿರ ಇರುವುದರಿಂದ ಸಾಮಾನ್ಯವಾಗಿ ಬಾಳೆಯ ಚಿಪ್ಪಿನಂತೆ ಒಟ್ಟಾಗಿಯೇ ಮಗುವಿಗೆ ಬರುತ್ತವೆ: ಅಮ್ಮನಿಂದ ಒಂದು ಚಿಪ್ಪು, ಅಪ್ಪನಿಂದ ಒಂದು. ಹೀಗಾಗಿ ಒಡಹುಟ್ಟಿದ ಇಬ್ಬರಲ್ಲಿ ಎರಡೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೂತ್ರಪಿಂಡದ ಕಸಿಗೆ ಮೊದಲು ವೈದ್ಯರು ಇದನ್ನು ಪರೀಕ್ಷಿಸುತ್ತಾರೆ.

ಇಷ್ಟೊಂದು ಬಗೆಗಳು ಏಕೆ ಉಳಿದವು? ಹೆಚ್ಚು ಜನರಲ್ಲಿರುವ ಬಗೆಗೆ ರೋಗಾಣು ಹೊಂದಿಕೊಂಡುಬಿಡುತ್ತದೆ, ಅಪರೂಪದ ಬಗೆ ಇರುವವರು ಪಾರಾಗಬಹುದು ಎಂಬ ವಿಚಾರವನ್ನು ಹಾಲ್ಡೇನ್ 1949ರಲ್ಲೇ ಮಂಡಿಸಿದ್ದರು. ನಮ್ಮ ಪಾಠಗಳಲ್ಲಿ ಅವರ ಹೆಸರು ಸಾಮಾನ್ಯವಾಗಿ ಜೀವದ ಉಗಮದ ಜೊತೆಗಷ್ಟೇ ಬರುತ್ತದೆ. ಅಷ್ಟು ಸಾಲದು ಎಂದು ನನ್ನ ಅನಿಸಿಕೆ.

ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, ಭಾರತದ ಪೌರರಾಗಿ, ಹಾಲ್ಡೇನ್ ಕೊನೆಗೆ ಭುವನೇಶ್ವರದಲ್ಲಿ ನೆಲೆಸಿದರು. 1964ರ ಡಿಸೆಂಬರ್ 1ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆಂದು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕಳುಹಿಸಲಾಯಿತು.