ಬೆಟ್ಟಿ ಫೋರ್ಡ್ ಮತ್ತು ಸ್ತನ ಕ್ಯಾನ್ಸರಿನ ಅರಿವು

ಸ್ತನ ಕ್ಯಾನ್ಸರಿನ ಹೆಸರೆತ್ತಲು ಅಮೆರಿಕದ ಮನೆಗಳೂ ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಆ ಮೌನವನ್ನು ಮುರಿದವರಲ್ಲಿ ಬೆಟ್ಟಿ ಫೋರ್ಡ್ ಪ್ರಮುಖರು. 1918ರ ಏಪ್ರಿಲ್ 8ರಂದು ಷಿಕಾಗೋದಲ್ಲಿ ಜನಿಸಿದ ಎಲಿಜಬೆತ್ ಆನ್ ಬ್ಲೂಮರ್ ಬೆಳೆದದ್ದು ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ. ಮಾರ್ಥಾ ಗ್ರಹಾಮ್ ಅವರಲ್ಲಿ ನೃತ್ಯಾಭ್ಯಾಸ ಮಾಡಿದ ಆಕೆ 1948ರಲ್ಲಿ ಜೆರಾಲ್ಡ್ ಫೋರ್ಡ್ ಅವರನ್ನು ವಿವಾಹವಾಗಿ ನಾಲ್ವರು ಮಕ್ಕಳ ತಾಯಿಯಾದರು.

1974ರ ಆಗಸ್ಟ್ 9ರಂದು ಪತಿ ಅಮೆರಿಕದ ಅಧ್ಯಕ್ಷರಾದರು. ಏಳು ವಾರ ಕಳೆಯುವಷ್ಟರಲ್ಲಿ, ಗೆಳತಿಯೊಬ್ಬರ ಜೊತೆ ತಪಾಸಣೆಗೆ ಹೋಗಿದ್ದ ಬೆಟ್ಟಿಯವರ ಬಲಸ್ತನದಲ್ಲಿ ಗಂಟು ಕಂಡುಬಂತು. ಸೆಪ್ಟೆಂಬರ್ 28ರಂದು ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅಂದಿನ ಪದ್ಧತಿಯಂತೆ ರೋಗಿಗೆ ಅರಿವಳಿಕೆ ನೀಡಿ ಗಂಟನ್ನು ಪರೀಕ್ಷಿಸುತ್ತಿದ್ದರು. ಕ್ಯಾನ್ಸರ್ ಎಂದು ತಿಳಿದರೆ ಆಗಲೇ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಎಚ್ಚರವಾದಾಗ ಸ್ತನ ಉಳಿದಿರುವುದೋ ಇಲ್ಲವೋ ಎಂಬುದು ರೋಗಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಬಳಿಕ ಬೆಟ್ಟಿಯವರು ಸುಮಾರು ಎರಡು ವರ್ಷ ಕೀಮೋಥೆರಪಿ ಪಡೆದರು.

ಇದಾವುದನ್ನೂ ಅವರು ಮುಚ್ಚಿಡಲಿಲ್ಲ. ತಪಾಸಣೆಗೆ ಬರುವ ಮಹಿಳೆಯರ ಸಂಖ್ಯೆ ಏರಿತು. ಆ ವರ್ಷ ದಾಖಲಾದ ಹೊಸ ಪ್ರಕರಣಗಳೂ ಹೆಚ್ಚಿದವು. ರೋಗ ಹೆಚ್ಚಿದ್ದರಿಂದಲ್ಲ, ಅಡಗಿದ್ದದ್ದು ಪತ್ತೆಯಾದದ್ದರಿಂದ. ಸಾವಿರಾರು ಪತ್ರಗಳು ಅವರನ್ನು ತಲುಪಿದವು. ಅವರ ಕಾಗದಪತ್ರಗಳು ಡೆಟ್ರಾಯ್ಟ್ ಸಮೀಪದ ಆ್ಯನ್ ಆರ್ಬರ್‌ನಲ್ಲಿರುವ ಜೆರಾಲ್ಡ್ ಫೋರ್ಡ್ ಗ್ರಂಥಾಲಯದಲ್ಲಿವೆ. ಕೆಲವೇ ವರ್ಷಗಳಲ್ಲಿ ಷಿಕಾಗೋ ಪ್ರದೇಶದಲ್ಲಿ ಮಿಮಿ ಕಪ್ಲಾನ್ ಮತ್ತು ಆ್ಯನ್ ಮಾರ್ಕೂ ಎಂಬ ಇಬ್ಬರು ರೋಗಿಗಳು 'ವೈ-ಮಿ' ಸಂಸ್ಥೆಯನ್ನು ಕಟ್ಟಿ, ಕಾಯಿಲೆಯನ್ನು ಅನುಭವಿಸಿದವರೇ ಹೊಸ ರೋಗಿಗಳಿಗೆ ದೂರವಾಣಿಯಲ್ಲಿ ತಿಳಿವಳಿಕೆ ನೀಡುವ ವ್ಯವಸ್ಥೆ ರೂಪಿಸಿದರು.

ಬೆಟ್ಟಿಯವರು 2011ರ ಜುಲೈ 8ರಂದು, ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು. ಆದರೂ ಈ ಊರುಗಳ ನಮ್ಮ ಕನ್ನಡ ಕುಟುಂಬಗಳಲ್ಲಿ ಆ ಹಳೆಯ ಮೌನವನ್ನು ವೈದ್ಯನಾಗಿ ನಾನು ಇಂದಿಗೂ ಕಾಣುತ್ತೇನೆ. ಅಮ್ಮನಿಗೆ ಹೇಳಬೇಡಿ ಎಂದು ಮಕ್ಕಳು ಕೋರುತ್ತಾರೆ. ತಾಯಿಗೂ ವೈದ್ಯರಿಗೂ ನಡುವೆ ಮಗಳೇ ದುಭಾಷಿಯಾಗಿ ಅರ್ಧ ಮಾತನ್ನು ನುಂಗುತ್ತಾಳೆ. ಆ ಭಾರವನ್ನು ಅವಳು ಹೊರಬೇಕಾಗಿಲ್ಲ. ಇಲ್ಲಿನ ಆಸ್ಪತ್ರೆಗಳಲ್ಲಿ ದುಭಾಷಿಯ ನೆರವನ್ನು ಉಚಿತವಾಗಿ ಕೇಳಬಹುದು. ಆರೈಕೆ ಮಾಡುವವರು ಪ್ರಶ್ನೆಗಳನ್ನು ಬರೆದುಕೊಂಡು ಬರಲಿ. ಕೀಮೋಥೆರಪಿಯ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಿನವರೆಗೆ ಕಾಯದೆ ಕರೆಮಾಡಲಿ. ಶಸ್ತ್ರಚಿಕಿತ್ಸೆಯಾದ ಬದಿಯ ಕೈ ಊದಿಕೊಂಡರೆ ಸಂಕೋಚವಿಲ್ಲದೆ ತಿಳಿಸಲಿ. ಎಲ್ಲಕ್ಕಿಂತ ಮೊದಲು, ತನ್ನ ದೇಹಕ್ಕೆ ಏನಾಗುತ್ತಿದೆ ಎಂಬುದು ರೋಗಿಗೆ ತನ್ನದೇ ಭಾಷೆಯಲ್ಲಿ ತಿಳಿಯಲಿ.