ಎರಡು ಕುದುರೆ, ಒಂದು ಕಾಲಾಳು

ನಮ್ಮ ತಂದೆಯವರು ಅರಣ್ಯ ಇಲಾಖೆಯಲ್ಲಿ ವಾಚರ್. ಸಹಿಯ ಹೊರತು ಬೇರೆ ಬರವಣಿಗೆ ಅವರಿಗೆ ಬಾರದು. ಚದುರಂಗವನ್ನು ನಾನು ಕಲಿತದ್ದು ಅವರಿಂದಲೇ. ಹೀಗಿರುವಾಗ, ಕಾಡಿನ ನೌಕರಿಯಲ್ಲಿದ್ದು ಚದುರಂಗದ ಅಂತ್ಯದಾಟವನ್ನು ಶೋಧಿಸಿದ ರಷ್ಯದ ಮಹನೀಯರೊಬ್ಬರ ವೃತ್ತಾಂತ ದೊರೆತಾಗ ನನಗಾದ ಸಂತೋಷವನ್ನು ವಾಚಕರು ಊಹಿಸಬಹುದು.

ಅಲೆಕ್ಸೀ ಟ್ರೊಯಿಟ್ಸ್ಕಿಯವರು 1866ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದರು. ಅಲ್ಲಿಯೇ ಅರಣ್ಯಶಾಸ್ತ್ರವನ್ನು ಓದಿದರು. 1895ರಲ್ಲಿ ಪ್ರಸಿದ್ಧ ಆಟಗಾರ ಚಿಗೋರಿನ್ನರು ನಡೆಸುತ್ತಿದ್ದ ಪತ್ರಿಕಾ ಅಂಕಣದಲ್ಲಿ ಇವರ ಅಂತ್ಯದಾಟದ ರಚನೆಗಳು ಬೆಳಕು ಕಂಡವು. ಮುಂದೆ ಸ್ಮೊಲೆನ್ಸ್ಕ್ ಪ್ರಾಂತದ ಅರಣ್ಯಾಧಿಕಾರಿಯಾದರು. 1924ರಲ್ಲಿ ಬರ್ಲಿನ್ನಿನಲ್ಲಿ ಇವರ ಐದುನೂರು ರಚನೆಗಳ ಸಂಗ್ರಹ ಅಚ್ಚಾಯಿತು.

ಇವರು ಹಿಡಿದ ಪ್ರಶ್ನೆಯೊಂದು ಬಹು ವಿಚಿತ್ರವಾದುದು. ಎದುರಾಳಿಗೆ ಬರಿಯ ರಾಜನಷ್ಟೇ ಉಳಿದಿದ್ದರೆ ಎರಡು ಕುದುರೆಗಳಿಂದ ಬಲವಂತದ ಮಾತ್ ಸಾಧ್ಯವಿಲ್ಲ. ಮೂಲೆಗೆ ದಬ್ಬಿದರೂ ಕೊನೆಯ ಏಟಿಗೆ ಮುಂಚೆಯೇ ರಾಜನಿಗೆ ನಡೆಯಿಲ್ಲದಾಗಿ ಆಟ ಸಮವಾಗುತ್ತದೆ. ಅವನಿಗೊಂದು ಕಾಲಾಳಿದ್ದರೆ? ಆಗ ಅದನ್ನು ನಡೆಸಲೇಬೇಕು. ಆ ಕಾಲಾಳೇ ಅವನ ಕೇಡು! ಒಂದು ಕುದುರೆ ಕಾಲಾಳಿಗೆ ಅಡ್ಡ ನಿಲ್ಲುವುದು, ಇನ್ನೊಂದು ತನ್ನ ರಾಜನೊಡನೆ ಸೇರಿ ಶತ್ರುರಾಜನನ್ನು ಮೂಲೆಗಟ್ಟುವುದು, ತಕ್ಕ ಹೊತ್ತಿನಲ್ಲಿ ಅಡ್ಡ ನಿಂತ ಕುದುರೆಯೂ ಬಂದು ಹೊಡೆಯುವುದು. ಕಾಲಾಳು ಎಷ್ಟು ದೂರ ಬಂದಿದ್ದರೂ ಗೆಲುವು ಖಚಿತವೆಂಬುದಕ್ಕೆ ಇವರೊಂದು ಗೆರೆ ಎಳೆದರು: ಅಂಚಿನ ಸಾಲಿನಲ್ಲಿ ಮೂರು ಮನೆ, ಅದರ ಪಕ್ಕದಲ್ಲಿ ಒಂದೇ, ಆಮೇಲೆ ಎರಡು, ನಡುಸಾಲಿನಲ್ಲಿ ಮತ್ತೆ ಮೂರು. ಗಣಕಯಂತ್ರವಿಲ್ಲದ ಕಾಲದಲ್ಲಿ, ಕೈಯಿಂದಲೇ ಮಾಡಿದ ಲೆಕ್ಕ!

1942ರಲ್ಲಿ, ಜರ್ಮನರು ಮುತ್ತಿದ್ದ ಲೆನಿನ್‌ಗ್ರಾಡಿನಲ್ಲಿ, ಇವರು ಹಸಿವಿನಿಂದ ಸತ್ತರು. ಬರೆದಿಟ್ಟ ಟಿಪ್ಪಣಿಗಳೂ ನಾಶವಾದವು. ಅಚ್ಚಾದದ್ದಷ್ಟೇ ನಮಗೆ ಉಳಿದದ್ದು.

ಅನಂತರ ಗಣಕಯಂತ್ರಗಳು ಬಂದವು. ಮಾತ್ ಆದ ಸ್ಥಿತಿಯಿಂದ ಹಿಂದುಹಿಂದಕ್ಕೆ ನಡೆದು, ಸಾಧ್ಯವಿರುವ ಪ್ರತಿಯೊಂದು ಸ್ಥಿತಿಯ ಫಲವನ್ನೂ ಅವು ಪಟ್ಟಿಮಾಡಿದವು. ಟ್ರೊಯಿಟ್ಸ್ಕಿಯವರ ಗೆರೆ ಸರಿಯೆಂದು ಸಿದ್ಧವಾಯಿತು. ಆದರೆ ಪಟ್ಟಿಗಳೇ ಒಂದೇ ಬಗೆಯವಲ್ಲ. ನಲಿಮೋವ್ ಪಟ್ಟಿ ಮಾತ್ ಆಗಲು ಎಷ್ಟು ನಡೆ ಬೇಕೆಂಬುದನ್ನು ಹೇಳುತ್ತದೆ. ನಮ್ಮ ಕುದುರೆಗಳಿಗೆ ಕೆಲವೆಡೆ 115 ನಡೆಗಳು ಬೇಕು. ರೊನಾಲ್ಡ್ ದ ಮಾನ್ ಎಂಬವರು 2013ರಲ್ಲಿ ಹೊರತಂದ ಸಿಜಿಜಿ ಪಟ್ಟಿಯಲ್ಲಿ ಎರಡು ಬಗೆಯ ಕಡತಗಳಿವೆ. ಒಂದರಲ್ಲಿ ಗೆಲುವೋ ಸೋಲೋ ಸಮವೋ ಎಂಬುದು ಮಾತ್ರ. ಇನ್ನೊಂದರಲ್ಲಿ ಮುಂದಿನ ಹೊಡೆತ ಅಥವಾ ಕಾಲಾಳಿನ ನಡೆಯವರೆಗಿನ ಎಣಿಕೆ. ಈ ಎಣಿಕೆಗೆ ಕಾರಣ ಐವತ್ತು ನಡೆಗಳ ನಿಯಮ: ಅಷ್ಟು ನಡೆಗಳೊಳಗೆ ಇವೆರಡೂ ಆಗದಿದ್ದರೆ ಆಟ ಸಮವೆಂದು ಕೇಳಬಹುದು. ಕೆಲವು ಅಂತ್ಯಗಳಿಗಿದ್ದ ವಿನಾಯಿತಿ 1992ರಲ್ಲಿ ಹೋಯಿತು.

ಹೀಗಾಗಿ ಗೆರೆಯೊಳಗಿನ ಕೆಲವು ಸ್ಥಿತಿಗಳನ್ನು ನಲಿಮೋವ್ ಗೆಲುವೆನ್ನುತ್ತದೆ, ಸಿಜಿಜಿ ನಿಯಮದಿಂದ ತಪ್ಪಿಹೋಗುವ ಗೆಲುವೆಂದು ಬೇರೆ ಗುರುತು ಹಾಕುತ್ತದೆ. ಪಂದ್ಯವಾಡುವ ಯಂತ್ರಕ್ಕೆ ಸಿಜಿಜಿಯೇ ಮೇಲು, ಸಂದೇಹವಿಲ್ಲ. ಐದು ಕಾಯಿಗಳವರೆಗಿನ ನಲಿಮೋವ್ ಸುಮಾರು 7 ಜಿಬಿ, ಸಿಜಿಜಿ 1 ಜಿಬಿಗಿಂತ ಕಡಿಮೆ. ಆದರೆ ಟ್ರೊಯಿಟ್ಸ್ಕಿಯವರನ್ನು ಓದುವವನಿಗೆ ನಲಿಮೋವ್ ಬೇಕೇಬೇಕು. ಅವರು ಹುಡುಕಿದ ದಾರಿ ಮಾತ್‌ವರೆಗೂ ಬಿಡಿಸಿ ಕಾಣುವುದು ಅದರಲ್ಲಿಯೇ. ನನ್ನ ಹಳೆಯ ಪೆನ್‌ಡ್ರೈವಿನಲ್ಲಿ ಸದ್ಯ ಹಿಡಿಸಿದ್ದು ಸಿಜಿಜಿ ಮಾತ್ರ. ರಜೆಗೆ ಊರಿಗೆ ಹೋದಾಗ ಮಣೆಯ ಮೇಲೆ ಎರಡು ಕುದುರೆಗಳನ್ನಿಟ್ಟು ತಂದೆಯವರೊಡನೆ ಆಡಿದೆ. ನನ್ನ ರಾಜನನ್ನು ಅವರು ಮೂಲೆಗೆ ತರುವಷ್ಟರಲ್ಲಿ ಅರವತ್ತು ನಡೆಗಳಾಗಿದ್ದವು. ನಿಯಮದ ಮಾತನ್ನು ನಾನು ಎತ್ತಲಿಲ್ಲ.